ಕೋಡಿ ಕಲ್ಲಿನ ಮೇಲೆ ಮೊಳ ನೀರು

1986ರಲ್ಲಿ, ಆರನೇ ಕ್ಲಾಸಿನ ಅರ್ಧ ವರ್ಷದ ಪರೀಕ್ಷೆಗೂ ಮೊದಲೇ ನನ್ನ ಓದು ನಿಂತಿತು. ಅಬ್ಬಾನ ಎಳೆಬಲೆಯ ಇನ್ನೊಂದು ತುದಿ ಹಿಡಿಯುತ್ತಿದ್ದ ಚಿಕ್ಕಪ್ಪ ಬೀರೂರಿನ ಗ್ಯಾರೇಜಿಗೆ ಸೇರಿಬಿಟ್ಟಿದ್ದ. ಎಳೆಬಲೆಗೆ ಎರಡು ತುದಿ, ಅದನ್ನು ಒಬ್ಬನೇ ಎಳೆಯಲಾಗುವುದಿಲ್ಲ. ಹತ್ತು ದಿನದ ಮಟ್ಟಿಗೆಂದು ಬಲೆಗೆ ಹೋದ ನಾನು ಮತ್ತೆ ಶಾಲೆಗೆ ಮರಳಲಿಲ್ಲ. ನನಗೆ ಅದರ ಬಗ್ಗೆ ದುಃಖವಿರಲಿಲ್ಲ. ಮನೆಯಲ್ಲಿ ದಖನಿ, ಕೆರೆಯಲ್ಲಿ ಕನ್ನಡ, ಎರಡರಲ್ಲೂ ನನ್ನ ಮಾತು ನಡೆಯುತ್ತಿತ್ತು. ಇಪ್ಪತ್ತೈದು ದಾಟುವ ಹೊತ್ತಿಗೆ ಅಜ್ಜಂಪುರದ ಸುತ್ತಲಿನ ಸಣ್ಣ ಕೆರೆಗಳ ಆಳವೆಲ್ಲ ನನ್ನ ಕಾಲಿಗೆ ಗೊತ್ತಿತ್ತು. ಖಾದರ್ ಓದಿಲ್ಲ, ಆದರೆ ಓದಿದವರಿಗೆ ಕಡಿಮೆಯಿಲ್ಲ ಎಂದು ಜನ ನನ್ನ ಬಗ್ಗೆ ಹೇಳುತ್ತಿದ್ದರು. ಆ ಮಾತನ್ನು ನಾನೂ ನಂಬಿದ್ದೆ.

ಮೀನಿನ ಕೆಲಸದ ಲೆಕ್ಕ ಹೊರಗಿನವರಿಗೆ ಗೊತ್ತಿರುವುದಿಲ್ಲ. ಸಣ್ಣ ಕೆರೆಗಳಲ್ಲಿ ಮೀನು ಹಿಡಿಯುವ ಹಕ್ಕನ್ನು ಪಂಚಾಯ್ತಿ ಹರಾಜು ಹಾಕಿ ಐದು ವರ್ಷಕ್ಕೆ ಲೀಸ್ ಕೊಡುತ್ತದೆ. ಕೆರೆ ತುಂಬಿ ಹೆಚ್ಚಾದ ನೀರು ಹೊರಗೆ ಹರಿಯಲು ಏರಿಯ ಒಂದು ಮೂಲೆಯಲ್ಲಿ ಕಲ್ಲು ಕಟ್ಟಿರುತ್ತಾರೆ, ಅದೇ ಕೋಡಿ. ನಮ್ಮ ಕಡೆಯ ವಾಡಿಕೆ ಸರಳ. ಕೋಡಿ ಕಲ್ಲಿನ ಒಳಗಿನ ಮೀನು ಲೀಸಿನವನದು, ಕಲ್ಲು ದಾಟಿ ಹಳ್ಳಕ್ಕೆ ಬಿದ್ದ ಮೀನು ಮೊದಲು ಯಾರ ಕೈಗೆ ಸಿಕ್ಕಿತೋ ಅವರದು. ಕೋಡಿ ಬಿದ್ದ ದಿನ ಕೆಳಗಿನ ಹಳ್ಳದಲ್ಲಿ ಸೀರೆ, ಪಂಚೆ, ಬುಟ್ಟಿ, ಸೊಳ್ಳೆಪರದೆ ಹಿಡಿದು ಊರೇ ನಿಂತಿರುತ್ತದೆ. ಲೀಸಿನವನು ನೋಡುತ್ತ ನಿಲ್ಲಬೇಕು, ಮುಖ ಗಂಟಿಕ್ಕಬಾರದು.

ತಿಮ್ಮಣ್ಣ ನಾನು ಲೀಸಿಗೆ ಹಿಡಿದ ಒಂದು ಕೆರೆಯ ಊರಿನವನು. ಪಂಚಾಯ್ತಿಯಲ್ಲಿ ವಾಟರ್‌ಮನ್. ಬೆಳಿಗ್ಗೆ ಊರಿಗೆ ನೀರು ಬಿಟ್ಟು ಬಂದು, ಹತ್ತೊಂಬತ್ತು ವರ್ಷ ನನ್ನ ಎಳೆಬಲೆಯ ಇನ್ನೊಂದು ತುದಿ ಹಿಡಿದವನು ಅವನೇ. ಕೋಡಿಗೆ ಜಾಲರಿ ಕಟ್ಟಬಾರದೆಂದು ನನಗೆ ಕಲಿಸಿದ್ದೂ ಅವನೇ. ಮೀನು ಹೊರಹೋಗದಂತೆ ಒಮ್ಮೆ ತಂತಿ ಜಾಲರಿ ತಂದಿದ್ದೆ. ಅವನು ಅದನ್ನು ಎತ್ತಿ ತೆಪ್ಪದೊಳಗೆ ಎಸೆದ. "ಕಸ ಕಡ್ಡಿ ಬಂದು ಅದ್ಕೆ ಅಂಟ್ಕಂಡ್ರೆ ನೀರು ಏರಿ ಮೇಲೆ ಬತ್ತದೆ. ಏರಿ ಒಡೀತದೆ ಕಣೋ. ಹೋಗೋ ಮೀನು ಹೋಗ್ಲಿ ಬಿಡು" ಎಂದ. ಆಮೇಲೆ ನಾನು ಯಾವ ಕೆರೆಗೂ ಜಾಲರಿ ಕಟ್ಟಿಲ್ಲ.

2021ರಲ್ಲಿ ಲೀಸ್ ಹೊಸದು ಮಾಡುವಾಗ ತಿಮ್ಮಣ್ಣ ತನ್ನ ಹೆಸರನ್ನೂ ಸೇರಿಸು ಎಂದ. ಪಂಚಾಯ್ತಿ ಕೆಲಸದಲ್ಲಿರುವವನ ಹೆಸರು ಬರುವುದಿಲ್ಲ ಎಂದೆ. ಅದು ನಿಜವೇ. ಆದರೆ ಅಲ್ಲಿಗೆ ನಿಲ್ಲಿಸದೆ, "ಸಹಿ ಹಾಕೋಕೆ ನಾನೊಬ್ಬ ಸಾಕು, ನೀನು ಹಗ್ಗ ಹಿಡ್ಕೊ" ಎಂದೂ ಅಂದೆ. ನಾಲ್ಕು ಜನರ ಮುಂದೆ ಅಂದೆ. ಮಾರನೆಯ ದಿನದಿಂದ ಅವನು ಬಲೆಗೆ ಬರಲಿಲ್ಲ.

ಮರುವರ್ಷದ ಮಳೆಗೆ ಕೆರೆ ಕೋಡಿ ಬಿತ್ತು. ಬೆಳಿಗ್ಗೆ ಆರೂವರೆಗೆ ನಾನು ಏರಿ ಹತ್ತಿದಾಗ ಊರಿನವರೆಲ್ಲ ಹಳ್ಳದಲ್ಲಿದ್ದರು. ತಿಮ್ಮಣ್ಣ ಮಾತ್ರ ಕಲ್ಲಿನ ಒಳಗೆ, ಕೆರೆಯ ಕಡೆ, ಮೊಣಕಾಲುದ್ದ ನೀರಿನಲ್ಲಿ ನಿಂತು ಬೀಸುಬಲೆ ಎಸೆಯುತ್ತಿದ್ದ. ಬುಟ್ಟಿಯಲ್ಲಿ ಎರಡು ದೊಡ್ಡ ಬಾಳೆಮೀನು. ನಾನು ಸಾಕಲು ಕೆರೆಗೆ ಬಿಟ್ಟ ಮರಿಗಳಲ್ಲ, ಮೇಲಿನ ಹಳ್ಳದಿಂದ ಮಳೆನೀರಿನ ಜೊತೆ ತಾವೇ ಬಂದವು.

"ಲೇ ತಿಮ್ಮ, ಕಲ್ಲು ದಾಟಿ ಆಚೆ ಹೋಗು" ಎಂದೆ.

ಅವನು ಬಲೆ ಕೊಡವುತ್ತಲೇ ಹೇಳಿದ: "ಕಲ್ಲಿನ ಮೇಲೆ ಮೊಳ ನೀರೈತೆ. ನಿನ್ನ ಕಲ್ಲು ಎಲ್ಲೈತೆ, ತೋರ್ಸು ಬಾ ಸಾವ್ಕಾರ."

ಹಳ್ಳದಲ್ಲಿದ್ದವರು ನಕ್ಕರು. ಒಬ್ಬಳು ಮುದುಕಿ, "ಇಳಿಯೋ ಖಾದ್ರಿ, ಪ್ಯಾಂಟು ನೆನೀತದೆ ಅಂತ ನಿಂತಿದ್ದೀಯಾ" ಎಂದಳು. ಇಳಿದಿದ್ದರೆ ಮುಗಿದುಹೋಗುತ್ತಿತ್ತು. ನಾನು ತಿರುಗಿ ಸೀದಾ ಠಾಣೆಗೆ ಹೋದೆ.

ಅಲ್ಲಿ ದೂರು ಬರೆದುಕೊಳ್ಳುವವರು ನನ್ನ ಲೀಸಿನ ಕಾಗದ ನೋಡಿಕೊಂಡೇ ಬರೆದರು. ಬರೆದು, "ಓದಿ ಸಹಿ ಹಾಕಿ" ಎಂದು ಕೊಟ್ಟರು. ಅಚ್ಚಿನ ಅಕ್ಷರವನ್ನು ನಾನು ಕೂಡಿಸಿಕೊಂಡು ಓದುತ್ತಿದ್ದೆ, ಕೈಬರಹ ನನಗೆ ಬರುತ್ತಿರಲಿಲ್ಲ. ಓದಿ ಹೇಳಿ ಎನ್ನಲು ನಾಚಿಕೆ. ಓದುವವನ ಹಾಗೆ ಕಣ್ಣನ್ನು ಮೇಲಿಂದ ಕೆಳಗೆ ಇಳಿಸಿ, ಹಾಳೆ ತಿರುಗಿಸಿ, ಸಹಿ ಹಾಕಿದೆ.

ತಿಮ್ಮಣ್ಣನ ಮೇಲೆ ಕಳವಿನ ಕೇಸಾಯಿತು. ತರೀಕೆರೆ ಕೋರ್ಟಿನಲ್ಲಿ ಅದು ಎರಡು ವರ್ಷ ನಡೆಯಿತು. ಶಿಕ್ಷೆಯಾದರೆ ವಾಟರ್‌ಮನ್ ಕೆಲಸ ಹೋಗುತ್ತದೆ. ರಾಜಿ ಮಾಡಿಕೊಳ್ಳಿ ಎಂದು ಹಿರಿಯರು ಅವನ ಮನೆಗೆ ಹೋದರೆ, "ಕದ್ದಿದ್ರೆ ತಾನೇ ರಾಜಿ" ಎಂದು ಕಳಿಸಿದನಂತೆ. ನಾನೂ ನಾನಾಗಿ ಅವನ ಬಳಿ ಹೋಗಲಿಲ್ಲ.

ನನ್ನ ಸಾಕ್ಷಿಯ ದಿನ ಸರ್ಕಾರಿ ವಕೀಲರು ಮೆಟ್ಟಿಲ ಮೇಲೆ ನಿಂತು ಕಾನೂನು ಬಿಡಿಸಿ ಹೇಳಿದರು. ಕಾಡಿನ ಹಕ್ಕಿ, ಹರಿಯುವ ನೀರಿನ ಮೀನು, ಇವು ಹಿಡಿಯುವ ತನಕ ಯಾರದೂ ಅಲ್ಲ. ಮೊದಲು ಹಿಡಿದವನೇ ಒಡೆಯ. ತಪ್ಪಿಸಿಕೊಳ್ಳಲಾಗದಂತೆ ಕೂಡಿಹಾಕಿದ ಮೀನು ಮಾತ್ರ ಕೂಡಿಹಾಕಿದವನ ವಶದಲ್ಲಿರುತ್ತದೆ, ಅದನ್ನು ತೆಗೆದರೆ ಕಳವು.

"ನಂಗೆ ಲೀಸ್ ಐತಲ್ಲ ಸಾರ್" ಎಂದೆ.

"ಲೀಸ್ ಅಂದ್ರೆ ಹಿಡಿಯೋ ಹಕ್ಕು ಕಣ್ರೀ, ಮೀನಲ್ಲ. ಅವನು ನಿಮ್ಮ ಹಕ್ಕು ಮೀರಿದ್ದಕ್ಕೆ ಬೇರೆ ದಾವೆ ಹಾಕಬಹುದು. ಆದ್ರೆ ಕೋಡಿ ಹರೀವಾಗ ಮೀನು ಬಿಡುಗಡೆ. ನಿಮ್ಮ ಪುಣ್ಯ, ಜಾಲರಿ ಕಟ್ಟಿದ್ದೆ ಅಂತ ದೂರಲ್ಲಿ ಹೇಳಿದ್ದೀರಿ. ಕಳವಿನ ಕೇಸು ನಿಂತಿರೋದೇ ಅದರ ಮೇಲೆ."

"ಯಾವ ಜಾಲರಿ?"

ಅವರು ಓದಿ ಹೇಳಿದರು. ಕೋಡಿಗೆ ಜಾಲರಿ ಕಟ್ಟತಕ್ಕದ್ದು ಎಂದು ಲೀಸಿನಲ್ಲಿ ಒಂದು ಷರತ್ತಿದೆ. ಅದನ್ನು ನೋಡಿ, ಜಾಲರಿ ಕಟ್ಟಿದ್ದರೂ ಆರೋಪಿಯು ಒಳನುಗ್ಗಿ ಎಂದು ಬರೆದಿದ್ದರು. ಕೆಳಗೆ ನನ್ನ ಸಹಿ.

ಒಳಗೆ ಕೂಗಿದರು. ಕಟಕಟೆಯಲ್ಲಿ ನಿಂತಾಗ ತಿಮ್ಮಣ್ಣ ಎದುರಿಗಿದ್ದ, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ. ನನ್ನ ಮುಖ ನೋಡಲಿಲ್ಲ. ಕಟ್ಟಿದ್ದೆ ಎಂದರೆ ಅವನ ಕೆಲಸ ಹೋಗುತ್ತದೆ. ಇಲ್ಲವೆಂದರೆ ಓದದೆ ಸಹಿ ಹಾಕಿದ್ದು ಬಯಲಾಗುತ್ತದೆ. ನನ್ನ ಹಿಂದೆ ಊರಿನ ಹತ್ತು ಹನ್ನೆರಡು ಜನ ಕೂತಿದ್ದರು.

"ಕೋಡಿಗೆ ಏನು ಕಟ್ಟಿದ್ದಿರಿ?" ಎಂದು ಸರ್ಕಾರಿ ವಕೀಲರು ಕೇಳಿದರು.

"ಏನೂ ಕಟ್ಟಿರಲಿಲ್ಲ ಸಾರ್."

ಜಡ್ಜ್ ತಲೆ ಎತ್ತಿದರು. "ದೂರಿನಲ್ಲಿ ಹಾಗಿಲ್ಲವಲ್ಲ. ಓದಿ ಸಹಿ ಮಾಡಿದ್ದೀರಾ?"

"ಇಲ್ಲ ಸಾರ್. ಕೈಬರಹ ನಂಗೆ ಓದೋಕೆ ಬರಲ್ಲ."

ಟೈಪಿಸ್ಟ್ ಅದನ್ನು ಹಾಗೆಯೇ ಹೊಡೆದುಕೊಂಡರು. ಮೂರು ವಾರದ ಮೇಲೆ ತಿಮ್ಮಣ್ಣನ ಬಿಡುಗಡೆಯಾಯಿತು.

ತೀರ್ಪಿನ ಆ ದಿನ ನಾನೂ ಹೋಗಿದ್ದೆ, ಕೋರ್ಟಿನ ಗೇಟಿನ ಹತ್ತಿರ ಅವನು ಟೀ ಕುಡಿಯುತ್ತಿದ್ದ. ನಾನು ಹೋಗಿ ಪಕ್ಕದಲ್ಲಿ ನಿಂತೆ. ಅವನೇ ಮೊದಲು ಮಾತಾಡಿದ. "ನಿಂಗೆ ಕೈಬರಹ ಬರಲ್ಲ ಅಂತ ನಂಗೆ ಮೊದ್ಲಿಂದ್ಲೂ ಗೊತ್ತು ಕಣೋ. ಕಡೂರಿನ ಐಸ್ ಅಂಗಡಿ ಚೀಟಿನ ನಾನ್ಯಾಕೆ ಜೋರಾಗಿ ಓದ್ಕಂತಿದ್ದೆ ಅಂದ್ಕಂಡೆ?"

ಹತ್ತೊಂಬತ್ತು ವರ್ಷ ಅವನು ಮೀನಿಗೆ ತಂದ ಐಸಿನ ಲೆಕ್ಕದ ಆ ಚೀಟಿಗಳನ್ನು ತನಗೆ ತಾನೇ ಎಂಬಂತೆ ಓದಿದ್ದ. ಅದು ಅವನ ಚಟ ಎಂದುಕೊಂಡಿದ್ದೆ. ಎಷ್ಟೋ ಸಲ, "ನಂಗೇನು ಕಣ್ಣಿಲ್ವ, ಮೆಲ್ಲಗೆ ಓದ್ಕೊ" ಎಂದು ರೇಗಿದ್ದೂ ಉಂಟು. ಅವನು ಲೋಟ ಇಟ್ಟು, "ಬತ್ತೀನಿ" ಎಂದು ಬಸ್ ಹತ್ತಿದ. ನನಗೂ ಅದೇ ಬಸ್ಸು ಆಗುತ್ತಿತ್ತು. ಮುಂದಿನದಕ್ಕೆ ನಿಂತೆ.

ಈಗ ಎಳೆಬಲೆಗೆ ದಿನಗೂಲಿಯವರನ್ನು ಕರೆಯುತ್ತೇನೆ. ಅವರೂ ಕೆಲಸಗಾರರೇ. ಆದರೆ ಆ ತುದಿ ನಿಧಾನವಾದರೆ ನಾನು ಕೂಗಬೇಕಾಗುತ್ತದೆ. ತಿಮ್ಮಣ್ಣ ಇದ್ದಾಗ ಹಗ್ಗದ ಬಿಗಿಯಲ್ಲೇ ಅವನ ಹೆಜ್ಜೆ ನನಗೆ ತಿಳಿಯುತ್ತಿತ್ತು, ಮಂಜು ಕವಿದ ಬೆಳಿಗ್ಗೆ ಅವನು ಕಾಣದಿದ್ದರೂ. ಕೆರೆ ತುಂಬುತ್ತ ಬಂದರೆ ದಿನಾ ಹೋಗಿ ಕೋಡಿ ನೋಡಿ ಬರುತ್ತೇನೆ.

ಕಳೆದ ವರ್ಷ ಮತ್ತೆ ಕೋಡಿ ಬಿತ್ತು. ನಾನು ಹಳ್ಳಕ್ಕಿಳಿದು ಊರಿನವರ ನಡುವೆ ನಿಂತೆ. ತಿಮ್ಮಣ್ಣ ಆಚೆ ದಡದಲ್ಲಿ, ಕಲ್ಲಿನಿಂದ ಚೆನ್ನಾಗಿ ಕೆಳಗೆ, ಬೀಸುಬಲೆ ಹಾಕುತ್ತಿದ್ದ. ನೀರು ದಾಟಿ ಹತ್ತಿರ ಹೋಗಿ, "ಎಳೆಬಲೆಗೆ ಬತ್ತೀಯಾ?" ಎಂದು ಕೇಳಿದೆ.

ನನ್ನ ನೆನೆದ ಪ್ಯಾಂಟನ್ನು ನೋಡಿದ. "ಈ ವರ್ಷ ಬ್ಯಾಡ ಕಣೋ" ಎಂದ.

ಕೂಡಿಹಾಕದ ಮೀನಿಗೆ ಒಡೆಯನಿಲ್ಲ ಎಂದು ಕಾನೂನು ಹೇಳುತ್ತದೆ, ನನಗೆ ಈಗ ಅದರ ಮೇಲೆ ಸಿಟ್ಟಿಲ್ಲ. ಜೊತೆಗಾರನನ್ನು ಲೀಸಿನ ಕಾಗದದಿಂದ ಅಳೆಯಬಾರದು ಎಂಬುದನ್ನು ಮಾತ್ರ ಈ ಕೆಲಸ ನನಗೆ ತಡವಾಗಿ ಕಲಿಸಿತು. ಕೈಬರಹವನ್ನು ಮಗಳ ನೋಟ್ಸ್ ಇಟ್ಟುಕೊಂಡು ಕಲಿತಿದ್ದೇನೆ. ಐಸ್ ಅಂಗಡಿಯ ಚೀಟಿ ಬಂದರೆ ಜೋರಾಗಿಯೇ ಓದುತ್ತೇನೆ.

ಇವತ್ತು ನನ್ನ ಬಳಿ ಇರುವುದು: ಎರಡು ಕೆರೆಯ ಲೀಸ್, ಒಂದು ತೆಪ್ಪ, ಮೂರು ಬೀಸುಬಲೆ, ನಾಲ್ಕು ಐಸ್ ಪೆಟ್ಟಿಗೆ, ಇಬ್ಬರು ಎಳೆಯುವ ಬಲೆ ಒಂದು.