ಭಂಕೂರಿನ ಪರ್ಯಾಯ ದ್ವೀಪ

ಪರ್ಯಾಯ ದ್ವೀಪ ಎಂದರೇನು ಎಂದು ಮಕ್ಕಳಿಗೆ ಹೇಳಿಕೊಡುವುದರಲ್ಲೇ ನನ್ನ ಅರ್ಧ ಆಯುಷ್ಯ ಕಳೆಯಿತು. ಮೂರು ಕಡೆ ನೀರು, ಒಂದು ಕಡೆ ನೆಲ. ಚಿತ್ತಾಪುರದ ಹೈಸ್ಕೂಲಿಗೆ ಸಮಾಜ ವಿಜ್ಞಾನದ ಮಾಸ್ತರನಾಗಿ ಸೇರಿದ ವರ್ಷವೂ ಇದನ್ನೇ ಹೇಳಿದೆ, ನಿವೃತ್ತನಾಗುವ ವರ್ಷವೂ ಇದನ್ನೇ ಹೇಳಿದೆ. ನಡುವೆ ಸರಕಾರಗಳು ಬದಲಾದವು, ಪಠ್ಯಪುಸ್ತಕಗಳು ಬದಲಾದವು, ಈ ವಾಕ್ಯ ಮಾತ್ರ ಇದ್ದಲ್ಲೇ ಇತ್ತು. ಇಷ್ಟು ಗಟ್ಟಿಯಾಗಿ ಹೇಳುವ ಮಾಸ್ತರ ಒಮ್ಮೆಯೂ ಸಮುದ್ರ ಕಂಡವನಲ್ಲ ಎಂಬುದು ಮಕ್ಕಳಿಗೆ ಗೊತ್ತಿರಲಿಲ್ಲ. ಬೇಸಿಗೆ ಬಂತೆಂದರೆ ಕುಡಿಯುವ ನೀರಿಗೆ ಕೊಡ ಹಿಡಿದು ಓಡುವ ಮಕ್ಕಳು ಅವು. ಮೂರು ಕಡೆ ನೀರು ಎಂದಾಗ ನನ್ನ ಮುಖವನ್ನು ಅನುಮಾನದಿಂದಲೇ ನೋಡುತ್ತಿದ್ದವು.

ಉದಾಹರಣೆಗೆ ನಾನು ಯಾವಾಗಲೂ ಮುಂಬೈಯನ್ನೇ ಕೊಡುತ್ತಿದ್ದೆ. ಅದಕ್ಕೆ ಕಾರಣ ವಾಡಿ ಜಂಕ್ಷನ್. ನನ್ನ ಮನೆ ಇರುವುದು ಶಹಾಬಾದಿನಲ್ಲಿ. ದಿನಾ ರೈಲಿನಲ್ಲಿ ವಾಡಿಗೆ ಹೋಗಿ, ಅಲ್ಲಿ ಗಾಡಿ ಬದಲಿಸಿ ಚಿತ್ತಾಪುರ ಮುಟ್ಟಬೇಕು. ಗಾಡಿ ತಡವಾದಷ್ಟೂ ಮುಂಬೈಗೆ ಹೋಗುವ, ಮುಂಬೈಯಿಂದ ಬರುವ ಗಾಡಿಗಳನ್ನು ನೋಡುತ್ತ ಕೂಡುವುದೇ ಕೆಲಸ. ಹೀಗೆ ನೋಡಿ ನೋಡಿ ಆ ಊರು ನನಗೆ ಸೇಡಂ, ಚಿಂಚೋಳಿಗಿಂತ ಹತ್ತಿರದ್ದು ಅನ್ನಿಸತೊಡಗಿತ್ತು. ಲೈಬ್ರರಿಯಲ್ಲಿ ಸಿಕ್ಕ ಹಳೆಯ ಪುಸ್ತಕಗಳಿಂದ ಅದರ ಕುಲಗೋತ್ರವನ್ನೆಲ್ಲ ಓದಿಕೊಂಡೆ. ಹೋಗಿ ನೋಡುವ ಧೈರ್ಯವಿಲ್ಲದವರು ಓದಿಕೊಳ್ಳುವುದು ಲೋಕರೂಢಿ.

ನೀವು ಇಂದು ಮುಂಬೈಯ ನಡುಊರು ಎಂದು ನೋಡುವ ಆ ಉದ್ದನೆಯ ನಾಲಿಗೆ ಮೊದಲು ಒಂದೇ ನೆಲವಾಗಿರಲಿಲ್ಲ. ಏಳು ನಡುಗಡ್ಡೆಗಳಿದ್ದವು. ಕೊಲಾಬಾ, ಮಜಗಾಂವ್, ಪರೇಲ್, ವರಳಿ, ಮಾಹಿಮ್ ಎಂದು ಈಗ ರೈಲ್ವೆ ಸ್ಟೇಷನ್ನಿನ, ಬಸ್ಸಿನ ಬೋರ್ಡಿನ ಮೇಲೆ ಕಾಣುವ ಹೆಸರುಗಳೆಲ್ಲ ಅಂದು ನೀರಿನ ನಡುವೆ ಒಂಟಿಯಾಗಿ ಕೂತ ಜಾಗಗಳು. ಮೀನು ಹಿಡಿಯುವ ಕೋಲಿ ಸಮಾಜದವರು ಅಲ್ಲಿ ಮೊದಲಿಂದ ಇದ್ದರು. ಆಮೇಲೆ ಪೋರ್ಚುಗೀಸರು ಬಂದರು. ಅವರು ಮಗಳ ಮದುವೆಯಲ್ಲಿ ಇಂಗ್ಲೆಂಡಿನ ರಾಜನಿಗೆ ಅದನ್ನು ವರದಕ್ಷಿಣೆಯಾಗಿ ಕೊಟ್ಟರು. ಅಳಿಯನಿಗೆ ಮಾವನ ಮನೆಯ ಕೊಡುಗೆ ರುಚಿಸಲಿಲ್ಲ, ವ್ಯಾಪಾರದ ಕಂಪನಿಯೊಂದಕ್ಕೆ ದಾಟಿಸಿ ಕೈತೊಳೆದುಕೊಂಡ. ಮಾವನ ಮನೆಯಿಂದ ಬಂದ ಸಾಮಾನನ್ನು ಹೀಗಳೆಯುವ ಅಳಿಯಂದಿರು ನಮ್ಮ ಕಡೆ ಮಾತ್ರ ಇದ್ದಾರೆಂದು ನಾನು ಅಲ್ಲಿಯವರೆಗೆ ತಿಳಿದಿದ್ದೆ.

ಆಮೇಲೆ ತುಂಬುವ ಕೆಲಸ ಶುರುವಾಯಿತು. ಗುಡ್ಡ ಕಡಿದರು, ಕೊಲ್ಲಿ ತುಂಬಿದರು, ಒಡ್ಡು ಹಾಕಿದರು. ವರಳಿಯ ಹತ್ತಿರ ಉಬ್ಬರದ ನೀರು ಒಳನುಗ್ಗುವ ಕಂಡಿಯೊಂದಿತ್ತು. ಅಲ್ಲಿ ಕಟ್ಟಿದ ಗೋಡೆ ಮತ್ತೆ ಮತ್ತೆ ಕುಸಿಯುತ್ತಿತ್ತಂತೆ. ಕಟ್ಟಿಸುವವನ ಕನಸಿನಲ್ಲಿ ದೇವಿ ಬಂದು, ನಾನು ಸಮುದ್ರದಲ್ಲಿದ್ದೇನೆ, ಎತ್ತು ಎಂದಳಂತೆ. ಎತ್ತಿ ಗುಡಿ ಕಟ್ಟಿದ ಮೇಲೆ ಗೋಡೆ ನಿಂತಿತು ಎಂದು ಅಲ್ಲಿಯ ಜನ ಹೇಳುತ್ತಾರೆ. ಹೀಗೆ ತುಂಬಿ ತುಂಬಿ ಏಳು ಸೇರಿ ಒಂದಾಯಿತು, ನೀರಿದ್ದಲ್ಲಿ ನೆಲ ಬಂತು. ಅದು ಪರ್ಯಾಯ ದ್ವೀಪವಾದದ್ದು ಮನುಷ್ಯರ ಹಟದಿಂದ.

ನಮ್ಮ ಕಡೆ ನಡೆದದ್ದು ಇದರ ಉಲ್ಟಾ.

ಶಹಾಬಾದಿನ ಪರಸಿ ಕಲ್ಲು ನಿಮಗೆ ಗೊತ್ತೇ ಇರಬೇಕು. ಬೂದು ಬಣ್ಣದ, ಹಾಸಲೆಂದೇ ದೇವರು ಪದರ ಪದರವಾಗಿ ಇಟ್ಟ ಕಲ್ಲು. ಒಂದು ಕಾಲಕ್ಕೆ ನಮ್ಮ ಊರೇ ಸಮುದ್ರದ ತಳವಾಗಿತ್ತು, ಆ ತಳದ ಕೆಸರು ಕೂತು ಕೂತು ಈ ಕಲ್ಲಾಯಿತು ಎಂದು ಭೂಗರ್ಭ ಶಾಸ್ತ್ರದವರು ಹೇಳುತ್ತಾರೆ. ಸನ್ನತಿಯಲ್ಲಿ ಬೌದ್ಧರು ಶಿಲ್ಪ ಕೆತ್ತಿದ್ದೂ ಇಂಥ ಕಲ್ಲಿನ ಮೇಲೆಯೇ. ಆಮೇಲಿನವರಿಗೆ ಕೆತ್ತುವ ತಾಳ್ಮೆ ಇರಲಿಲ್ಲ, ಕಿತ್ತು ಕಳಿಸಿದರು. ಶಹಾಬಾದಿನ ಪಕ್ಕದ ನಮ್ಮ ಹುಟ್ಟೂರು ಭಂಕೂರಿನಲ್ಲಿ ಕರಿಮಣ್ಣು ಸರಿಸಿದರೆ ಸಾಕು, ಕೆಳಗೆ ಕಲ್ಲು. ಹೊಲಗಳೆಲ್ಲ ಒಂದೊಂದಾಗಿ ಖಣಿಗಳಾದವು. ಕಲ್ಲು ಮುಗಿದ ಖಣಿಯಲ್ಲಿ ಮಳೆನೀರು ನಿಂತಿತು. ಈಗ ನಮ್ಮೂರ ಸುತ್ತ ಹಸಿರು ನೀರಿನ ಆಳವಾದ ಹೊಂಡಗಳು, ನಡುವೆ ಉಳಿದ ಬದುಗಳು.

ನಮ್ಮ ಹೊಲವನ್ನು ಖಣಿಗೆ ಕೊಡುವಾಗ ಅಪ್ಪ ಒಂದು ಮೂಲೆಯನ್ನು ಬಿಡಿಸಿದ್ದ. ಅಲ್ಲಿ ನಮ್ಮ ಹಿರಿಯರ ಸಮಾಧಿಗಳಿವೆ. ನಾವು ಸತ್ತವರನ್ನು ಸುಡುವವರಲ್ಲ, ಮಲಗಿಸಿ ಹೂಳುವವರೂ ಅಲ್ಲ. ಕೈಯಲ್ಲಿ ಲಿಂಗವಿಟ್ಟು, ಕೂರಿಸಿ ಮಣ್ಣು ಮಾಡುತ್ತೇವೆ. ಮನೆಯಿಂದ ಹೊಲಕ್ಕೆ ಒಯ್ಯುವಾಗಲೂ ಕೂರಿಸಿಯೇ. ಬಿದಿರು, ಬಾಳೆಕಂಬ, ಹೂವಿನಿಂದ ಕಟ್ಟಿದ ಮಂಟಪಕ್ಕೆ ವಿಮಾನ ಎನ್ನುತ್ತೇವೆ. ಬದುಕಿದ್ದಾಗ ಎತ್ತಿನ ಗಾಡಿ ಬಿಟ್ಟು ಬೇರೆ ಏರದವನಿಗೂ ಅಂದು ವಿಮಾನ ಸಿಗುತ್ತದೆ.

ಖಣಿಯವರು ಅಳತೆಗೆ ಬಂದಾಗ, ಸಮಾಧಿಗೆ ಹೋಗುವ ದಾರಿ ಎಷ್ಟು ಅಗಲ ಬಿಡಬೇಕು ಎಂಬ ಪ್ರಶ್ನೆ ಬಂತು. ಅಪ್ಪ ಟೇಪು ಮುಟ್ಟಲಿಲ್ಲ. ಮನೆಯಿಂದ ತಾನು ಮಲಗುವ ಹೊರಸು ತರಿಸಿ, ನಾಲ್ಕು ಜನರ ಹೆಗಲ ಮೇಲೆ ಹೊರಿಸಿ, ಅದರ ಮೇಲೆ ತಾನೇ ಹತ್ತಿ ಕೂತ. ಅವರು ಅವನನ್ನು ಹೊತ್ತು ಸಮಾಧಿಯವರೆಗೆ ನಡೆದರು. ಅವರ ಕಾಲು ಬಿದ್ದಲ್ಲೆಲ್ಲ ಇನ್ನೊಬ್ಬ ಎರಡೂ ಬದಿಗೆ ಸುಣ್ಣದ ಪುಡಿ ಉದುರಿಸುತ್ತ ಬಂದ. "ಇಷ್ಟ ಬಿಟ್ಟು ಉಳದದ್ದು ತೋಡ್ಕೋರಿ" ಎಂದು ಅಪ್ಪ ಮೇಲಿಂದಲೇ ಅಪ್ಪಣೆ ಕೊಟ್ಟ. ಊರೆಲ್ಲ ಅವನ ಜಾಣತನ ಹೊಗಳಿತು. ಬೇರೆಯವರೂ ತಂತಮ್ಮ ಹೊಲದಲ್ಲಿ ಹೊರಸು ಹೊರಿಸಿಯೇ ಅಳೆದರು. ಹೆಗಲು ಕೊಡುವವರ ಕಾಲಿಗೆ ಎಷ್ಟು ಬೇಕೋ ಅಷ್ಟು ಬಿಟ್ಟರು. ಮಣ್ಣಿಗೆ ಎಷ್ಟು ಬೇಕೆಂದು ಯಾರೂ ಯೋಚಿಸಲಿಲ್ಲ. ಎರಡೂ ಬದಿ ಗೋಡೆಯಂತೆ ಕಡಿದು ನಿಂತ ಮೇಲೆ, ಮೇಲಿನ ಕರಿಮಣ್ಣು ಬೇಸಿಗೆಯಲ್ಲಿ ಬಿರಿಯುತ್ತ, ಮಳೆಗೆ ಉಬ್ಬುತ್ತ, ಪ್ರತಿವರ್ಷ ಒಂದಿಷ್ಟು ನೀರಿಗೆ ಜಾರತೊಡಗಿತು.

ಹೀಗೆ ನಮ್ಮ ಮನೆತನಕ್ಕೂ ಒಂದು ಪರ್ಯಾಯ ದ್ವೀಪ ಬಂತು. ಮೂರು ಕಡೆ ನೀರು, ಒಂದು ಕಡೆ ಹೊರಸಿನಗಲದ ನೆಲ.

ನಿವೃತ್ತಿಯ ಹಿಂದಿನ ವರ್ಷ ಕಡೆಗೂ ಮುಂಬೈಗೆ ಹೋದೆ, ಹೆಂಡತಿ ನೀಲಮ್ಮನ ಜೊತೆ. ಅವಳ ತಮ್ಮ ಪರೇಲಿನ ಹಳೆಯ ಚಾಳಿನಲ್ಲಿದ್ದ. ನಾನು ನಕಾಶೆಯಲ್ಲಿ ಕಂಡದ್ದನ್ನೆಲ್ಲ ಕಣ್ಣಾರೆ ನೋಡುವ ಆತುರದಲ್ಲಿದ್ದರೆ, ಇವಳು ಚಾಳಿನ ವರಾಂಡದಲ್ಲೇ ಚಪ್ಪಲಿ ಬಿಟ್ಟು ನಿಂತುಬಿಟ್ಟಳು.

"ನೋಡ್ರಿ, ನಮ್ ಪರಸಿ. ತಂಪು ಹಂಗೇ ಅದ" ಎಂದಳು.

"ಸಮುದ್ರ ನೋಡಾಕ ಬಂದು ಕಲ್ಲು ನೋಡಾಕತ್ತೀಯಲ್ಲ" ಎಂದೆ.

ಸಮುದ್ರದ ದಂಡೆಯಲ್ಲಿ ನಾನು ಇದೆಲ್ಲ ತುಂಬಿದ ನೆಲ, ಇಲ್ಲಿ ಮೊದಲು ನೀರಿತ್ತು ಎಂದು ಪಾಠ ಶುರುಮಾಡಿದೆ. ಅವಳು ಸ್ವಲ್ಪ ಹೊತ್ತು ಕೇಳಿಸಿಕೊಂಡು, ತಮ್ಮನ ಕಡೆ ತಿರುಗಿ, "ಇಷ್ಟು ಮಂದಿ ಇದ್ದೀರಿ, ಸತ್ರ ಎಲ್ಲಿ ಇಡ್ತೀರಪ್ಪಾ?" ಎಂದು ಕೇಳಿದಳು. "ಜಾಗ ಎಲ್ಲದ ಅಕ್ಕಾ, ನಮ್ಮವರೂ ಈಗ ಸುಡಾಕತ್ತಾರ" ಎಂದ ಅವನು. ಅವಳ ಮುಖ ಸಣ್ಣದಾಯಿತು. ವಾಪಸು ಬರುವಾಗ ಸೊಲ್ಲಾಪುರ ದಾಟಿದ ಮೇಲೆ ಬಾಯಿಬಿಟ್ಟಳು. "ನಾ ಮೊದಲ ಹೋಗ್ತೀನಿ, ಗೊತ್ತದ ನನಗ. ನನ್ನ ಮಗ್ಗಲಾಗ ಜರಾ ಜಾಗ ಬಿಡ್ಸಿ ಇಡ್ರಿ. ಇಲ್ಲಾಂದ್ರ ನೀವು ಎಲ್ಲೆರ ಹೋಗಿ ಕುಂತೀರಿ, ನಾ ಎಲ್ಲಿ ಅಂತ ಹುಡಕ್ಲಿ?"

ಬಿಡಿಸುತ್ತೇನೆ ಎಂದೆ. ಹೆಂಡತಿಗೆ ಕೊಟ್ಟ ಮಾತುಗಳಲ್ಲಿ ಬಹಳ ಸುಲಭದ್ದು ಇದೇ ಎಂದುಕೊಂಡಿದ್ದೆ.

ಅವಳು ಹೇಳಿದಂತೆಯೇ ಮೊದಲು ಹೋದಳು. ಆಗಲೇ ದಾರಿ ಸಣ್ಣದಾಗಿತ್ತು. ವಿಮಾನ ಹೊತ್ತವರು ಅಡ್ಡಡ್ಡ ಹೆಜ್ಜೆ ಇಡುತ್ತ ಹೋದರು. ಮಣ್ಣಿಗೆ ಬಂದ ಬೀಗರು ಒಬ್ಬರ ಹಿಂದೊಬ್ಬರು ಸಾಲಾಗಿ ನಿಂತರು. ಒಂದು ಹೆಂಟೆ ಜಾರಿ ನೀರಿಗೆ ಬಿದ್ದ ಸದ್ದು ಮಂತ್ರದ ನಡುವೆಯೂ ಎಲ್ಲರಿಗೆ ಕೇಳಿಸಿತು. ಅವಳ ಬಲಕ್ಕೆ ಒಂದು ಕುಣಿಯಷ್ಟು ಜಾಗ ಬಿಡಿಸಿ ಗುರುತಿಗೆ ನಾಲ್ಕು ಕಲ್ಲು ಇಡಿಸಿದೆ. ಯಾರಾದರೂ ಬಸ್ಸಿನಲ್ಲಿ ಟವೆಲ್ ಹಾಕಿ ಸೀಟು ಹಿಡಿದ ಹಾಗಾಯಿತು ಎಂದು ಆ ದುಃಖದಲ್ಲೂ ನನಗೆ ಅನ್ನಿಸಿತ್ತು.

ಹೋದ ಮಳೆಗಾಲದ ಹಿಂದಿನ ಮಳೆಗಾಲದಲ್ಲಿ ದಾರಿ ಪೂರ್ತಿ ಕಡಿದುಹೋಯಿತು. ಊರಲ್ಲೇ ಇರುವ ತಮ್ಮ ಮಲ್ಲಣ್ಣ ಫೋನು ಮಾಡಿ, "ಅಣ್ಣಾ, ಹಾದಿ ಹೋಯ್ತು" ಎಂದಷ್ಟೇ ಹೇಳಿದ. ಮುಂಬೈಯಲ್ಲಿ ಸಮುದ್ರವನ್ನೇ ತುಂಬಿದ್ದಾರೆ, ನಮಗೆ ಒಂದು ಖಣಿಯ ಮೂಲೆ ತುಂಬಲಾಗದೇ ಎಂದು ನಾನು ಅವನಿಗೆ ಇತಿಹಾಸ ಹೇಳಿದೆ. ಪಾಪ, ನಂಬಿದ. ಬೇಸಿಗೆಯುದ್ದಕ್ಕೂ ಖಣಿಗಳ ಬದಿಯಲ್ಲಿ ಬಿದ್ದಿದ್ದ ಕಲ್ಲಿನ ಚೂರುಗಳನ್ನು ಟ್ರ್ಯಾಕ್ಟರಿನಲ್ಲಿ ತಂದು ಸುರಿದ. ದಾರಿ ಎದ್ದಿತು. ಅದರ ಮೇಲೆ ನಡೆದಾಡಿ, "ಈಗ ಬಸ್ ಸೈತ ಹೋಗ್ತದ" ಎಂದು ಮೀಸೆ ತಿರುವಿದ. ಕೆಳಗೆ ಎಷ್ಟು ಕೆಸರು ಕೂತಿತ್ತೋ, ಮೊದಲ ದೊಡ್ಡ ಮಳೆಗೆ ಎಲ್ಲ ಜಾರಿ ತಳ ಸೇರಿತು. ವರಳಿಯ ಗೋಡೆಯ ಕಥೆ ನೆನಪಾಗಿ ನಾನು ಎರಡು ದಿನ ಕನಸಿಗಾಗಿ ಕಾದೆ. ಯಾವ ದೇವಿಯೂ ಬರಲಿಲ್ಲ. ನೀಲಮ್ಮನೂ ಬರಲಿಲ್ಲ.

ಈಗ ಅದು ಪರ್ಯಾಯ ದ್ವೀಪವೂ ಅಲ್ಲ, ಸುತ್ತ ನೀರಿರುವ ನಡುಗಡ್ಡೆ. ಅದರ ಅಂಚೂ ಸವೆಯುತ್ತಿದೆ. ಇಷ್ಟು ವರ್ಷ ಭೂಗೋಳ ಹೇಳಿದವನಿಗೆ ಭೂಗೋಳದ ಮೇಲೆ ಇಷ್ಟು ಸಿಟ್ಟು ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ನಾನೀಗ ನಕಾಶೆ ತೆಗೆಯುವುದಿಲ್ಲ. ತೆಗೆದರೆ ಎಲ್ಲ ನೆಲವೂ ಇವತ್ತೋ ನಾಳೆಯೋ ಕುಸಿಯುವಂತೆ ಕಾಣುತ್ತದೆ.

ಈ ವರ್ಷ ಅವಳ ಪುಣ್ಯತಿಥಿಗೆ ಎಡೆ ಒಯ್ಯುವುದು ಹೇಗೆ ಎಂಬ ಚಿಂತೆ ಬಂತು. ಮಲ್ಲಣ್ಣನ ಹೆಂಡತಿ ಸುಶೀಲಾ ದಂಡೆಯ ಮೇಲೆಯೇ ಇಟ್ಟು ಕೈಮುಗಿಯೋಣ ಎಂದಳು. ನಾನು ಎಡೆಯ ಡಬ್ಬಿಯನ್ನು ಕೆಳಗಿಡದ್ದನ್ನು ನೋಡಿ ಮಲ್ಲಣ್ಣ ಮನೆಗೆ ಹೋಗಿ ಲಾರಿಯ ಟ್ಯೂಬು ತಂದ. ಅದಕ್ಕೆ ಹಲಗೆ ಕಟ್ಟಿದ.

"ಕುಂದ್ರಿ" ಎಂದ.

"ನನಗ ಈಜು ಬರಂಗಿಲ್ಲೋ."

"ನನಗ ಬರ್ತದಲ್ಲ. ನೀವು ಬರೇ ಕುಂದ್ರಿ, ಅಲಗಾಡಬ್ಯಾಡ್ರಿ."

ಮಡಿಲಲ್ಲಿ ಹೋಳಿಗೆಯ ಡಬ್ಬಿ ಇಟ್ಟುಕೊಂಡು ಹಲಗೆಯ ಮೇಲೆ ಚಕ್ಕಳಮಕ್ಕಳ ಕೂತೆ. ಮಲ್ಲಣ್ಣ ನೀರಿಗಿಳಿದು ಹಿಂದಿನಿಂದ ದೂಡುತ್ತ ಈಜಿದ. ದಂಡೆಯ ಮೇಲೆ ಸುಶೀಲಾ ಸೆರಗು ಬಾಯಿಗೆ ಹಿಡಿದಿದ್ದಳು, ಹೆದರಿಕೆಗೋ ನಗೆಗೋ ಹೇಳಲಾರೆ. ನಾನಂತೂ ಕಣ್ಣು ಮುಚ್ಚಿದವನು ಆಚೆ ದಡ ತಾಗಿದ ಮೇಲೆಯೇ ತೆರೆದದ್ದು.

ಅಲ್ಲಿ ಹುಲ್ಲು ಮೊಳಕಾಲೆತ್ತರ ಬೆಳೆದಿತ್ತು. ಅಪ್ಪನ ಸಮಾಧಿಯ ಒಂದು ಬದಿ ಅಂಚಿಗೆ ಬಂದುಬಿಟ್ಟಿತ್ತು. ನೀಲಮ್ಮನ ಬಲಕ್ಕೆ ನಾಲ್ಕು ಕಲ್ಲುಗಳ ನಡುವೆ ನನ್ನ ಜಾಗ ಹಾಗೇ ಇತ್ತು. ಎಡೆ ಇಟ್ಟು, ವಿಭೂತಿ ಹಚ್ಚಿ, ಊದುಬತ್ತಿ ಬೆಳಗಿದೆವು. ಆಮೇಲೆ ಮಲ್ಲಣ್ಣ ತಲೆ ಒರೆಸಿಕೊಳ್ಳುತ್ತ ನನ್ನ ಮುಖ ನೋಡದೆ ಹೇಳಿದ.

"ಅಣ್ಣಾ, ಸಿಟ್ಟಾಗಬ್ಯಾಡ್ರಿ. ನಿಮ್ಮನ್ನ ಇಲ್ಲಿ ತರಲಿಕ್ಕೆ ಆಗಂಗಿಲ್ಲ. ಶಹಾಬಾದಿನ ರುದ್ರಭೂಮಿಯೊಳಗ ಇಡಬೇಕಾಗ್ತದ."

"ಟ್ಯೂಬ್ ಅದಲ್ಲೋ" ಎಂದೆ. ನಗೆಯಾಡಲು ಹೇಳಿದ್ದಲ್ಲ. ನಿಜವಾಗಿಯೂ ಕೇಳಿದೆ.

"ಜೀವ ಇದ್ದವರು ಹಿಡಕೊಂಡು ಕುಂದರ್ತಾರ. ಹೆಣ ಹಿಡಕೋತದೇನ್ರಿ?"

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಸತ್ತ ಮೇಲೆ ಎಲ್ಲಿಟ್ಟರೇನು ಎಂದು ನಾನೇ ಎಷ್ಟೋ ಜನರಿಗೆ ಸಮಾಧಾನ ಹೇಳಿದ್ದೇನೆ. ಆ ಮಾತನ್ನು ನನಗೆ ಹೇಳಿಕೊಳ್ಳಲು ನೋಡಿದೆ, ಆಗಲಿಲ್ಲ. ಅವಳು ಒಬ್ಬಳೇ ಇಲ್ಲಿ, ಸುತ್ತ ನೀರು. ನಾನು ಅಲ್ಲಿ ಪರಿಚಯವಿಲ್ಲದವರ ಸಾಲಿನಲ್ಲಿ. ಹುಡುಕುತ್ತೇನೆಂದವಳಿಗೆ ಹೊರಬರಲು ದಾರಿಯೂ ಇಲ್ಲ.

ಏನನ್ನಿಸಿತೋ, ಹೋಗಿ ಆ ನಾಲ್ಕು ಕಲ್ಲುಗಳ ನಡುವೆ ಕೂತೆ. ಕಾಲು ಮಡಚಿ, ಬೆನ್ನು ನೆಟ್ಟಗೆ ಮಾಡಿ, ಕೈ ಮಡಿಲಲ್ಲಿಟ್ಟು. ಮಲ್ಲಣ್ಣ ಒಮ್ಮೆ ನೋಡಿ ನೀರಿನ ಕಡೆ ಹೋದ. ಜಾಗ ಸರಿಯಾಗಿತ್ತು. ಗಾಳಿ ಬೀಸುತ್ತಿತ್ತು. ಅವಳಿಗೆ ಹೇಳಬೇಕೆಂದಿದ್ದ ಮಾತುಗಳಲ್ಲಿ ಒಂದೂ ನೆನಪಾಗಲಿಲ್ಲ, ಸುಮ್ಮನೆ ಪಕ್ಕದಲ್ಲಿ ಕೂತಿದ್ದೆ, ಮನೆಯಲ್ಲಿ ಕೂಡುತ್ತಿದ್ದ ಹಾಗೆ.

"ಅಣ್ಣಾ, ಟ್ಯೂಬಿನ ಗಾಳಿ ಇಳೀಲಿಕತ್ತದ. ಬರ್ರಿ ಇನ್ನ" ಎಂದು ಮಲ್ಲಣ್ಣ ಕೂಗಿದ.

ಮೊಳಕಾಲಿಗೆ ಕೈಕೊಟ್ಟು ಎದ್ದೆ. ಪಂಚೆಗೆ ಹತ್ತಿದ ಮಣ್ಣನ್ನು ಕೊಡವಲು ಮನಸ್ಸಾಗಲಿಲ್ಲ. ನಮ್ಮ ಮನೆತನದಲ್ಲಿ ಆ ಜಾಗದಲ್ಲಿ ಕೂತು ಎದ್ದು ಬಂದವನು ನಾನೊಬ್ಬನೇ. ಜೀವ ಇರುವುದಕ್ಕೆ ಇದೇ ಶಿಕ್ಷೆ ಇರಬೇಕು ಎಂದುಕೊಳ್ಳುತ್ತ ಹೋಗಿ, ತಮ್ಮ ಹೇಳಿದಂತೆ, ಅಲಗಾಡದೆ ಹಲಗೆಯ ಮೇಲೆ ಕೂತೆ.