ಸ್ಮಿಕ್ರನ ಬಾವಿಯಲ್ಲಿ ಸಿಕ್ಕ ಹಲ್ಲು

ನಮ್ಮ ಸಾಮೋಸ್ ದ್ವೀಪದವರಿಗೆ ಒಂದು ಚಟವಿದೆ. ನೆಲದಲ್ಲಿ ದೊಡ್ಡ ಮೂಳೆ ಸಿಕ್ಕರೆ ಸಾಕು, ಅದು ಟ್ರಾಯ್ ಯುದ್ಧಕ್ಕೆ ಹೋದ ಯಾವನೋ ವೀರನದೇ ಆಗಬೇಕು. ಆ ಕಾಲದವರು ನಮಗಿಂತ ಎರಡು ಪಟ್ಟು ಎತ್ತರವಿದ್ದರೆಂದು ಹಾಡುಗಾರರು ಹಾಡುತ್ತಾರೆ, ನಾವು ಬಾಯಿ ಬಿಟ್ಟುಕೊಂಡು ನಂಬುತ್ತೇವೆ. ಈಗ ಆ ಹಾಡು ಕಿವಿಗೆ ಬಿದ್ದರೇ ನನಗೆ ಹೇಸಿಗೆ. ಕಾರಣ ನನ್ನ ನೆರೆಯ ಸ್ಮಿಕ್ರ.

ಸ್ಮಿಕ್ರ ಬಾವಿ ತೋಡುವವನು. ಇಪ್ಪತ್ತು ವರ್ಷ ಊರಿಗೆಲ್ಲ ನೀರು ತೆಗೆದುಕೊಟ್ಟು, ಕೊನೆಗೆ ಗುಡ್ಡದ ಬುಡದಲ್ಲಿ ತನ್ನದೊಂದು ತುಂಡು ನೆಲ ಮಾಡಿಕೊಂಡ. ಹನ್ನೊಂದು ಅಂಜೂರದ ಗಿಡ ನೆಟ್ಟ. ಹೆಂಡತಿ ಸತ್ತ ಮೇಲೆ ಅವುಗಳ ಜೊತೆಗೇ ಮಾತು. ಒಂದೊಂದಕ್ಕೂ ಹೆಸರಿಟ್ಟು, ಕಾಯಿ ಬಿಡದಿದ್ದರೆ ಹೆಸರು ಹಿಡಿದು ಬೈಯುತ್ತಿದ್ದ. ಅವಕ್ಕಾಗಿ ಬಾವಿ ತೋಡಲು ಇಳಿದ. ನಾನು ಕುಂಬಾರ. ಆಳದ ಜೇಡಿಮಣ್ಣಿನ ಆಸೆಗೆ ಮೇಲೆ ನಿಂತು ಹಗ್ಗ ಎಳೆದೆ.

ನಾಲ್ಕಾಳು ಆಳದಲ್ಲಿ ಒಂದು ತೊಡೆಯ ಮೂಳೆ ಸಿಕ್ಕಿತು, ನನ್ನ ಎದೆಯವರೆಗೆ ಬರುವಷ್ಟು ಉದ್ದ. ಪಕ್ಕದಲ್ಲೇ ಮುಷ್ಟಿ ಗಾತ್ರದ ಹಲ್ಲು. ಮೇಲೆ ಚಪ್ಪಟೆ, ಎತ್ತಿನ ದವಡೆ ಹಲ್ಲಿನ ಹಾಗೆ ಏಣು ಏಣು. ಸ್ಮಿಕ್ರ ಅದನ್ನು ನನ್ನ ಕೈಗಿಟ್ಟು, ಯಾವುದೋ ದೊಡ್ಡ ದನ ಎಂದು ನಕ್ಕ. ನಾನೂ ನಕ್ಕೆ.

ಸುದ್ದಿ ಕೇಳಿ ಹೆಗೆಲೋಖ ಓಡಿ ಬಂದ. ಊರಿನ ಅರ್ಧ ಹೊಲ ಅವನದು. ಟ್ರಾಯ್‌ಗೆ ಹಡಗು ಒಯ್ದ ಲಿಕಾರ್ಖನ ವಂಶ ತನ್ನದೆಂದು ಊಟಕ್ಕೊಮ್ಮೆ ಹೇಳುವವನು. ಇದು ಲಿಕಾರ್ಖನದೇ ಎಂದು ಮೂಳೆಯನ್ನು ತಬ್ಬಿಕೊಂಡು ಗೊಳೋ ಎಂದು ಅತ್ತ. ಸಿಂಬಳವೆಲ್ಲ ಅದಕ್ಕೆ ಮೆತ್ತಿತು. ಅವನ ಮನೆಯಲ್ಲಿ ತಿಂದು ಬಿದ್ದಿದ್ದ ಹಾಡುಗಾರ, ಲಿಕಾರ್ಖ ಊರಿಗೆ ಮರಳಿ ಗುಡ್ಡದ ಬುಡದಲ್ಲೇ ಮಣ್ಣಾದನೆಂದು ಮರುದಿನವೇ ಹಾಡಿದ. ಹಿಂದಿನ ವರ್ಷದ ತನಕ ಅದೇ ಬಾಯಲ್ಲಿ ಲಿಕಾರ್ಖ ಕಡಲಲ್ಲಿ ಮುಳುಗಿ ಸತ್ತಿದ್ದ.

ವೀರ ಮಲಗಿದ ನೆಲದಲ್ಲಿ ಗುಡಿ ಕಟ್ಟಿ, ಅವನ ವಂಶದವರೇ ನೋಡಿಕೊಳ್ಳಬೇಕೆಂಬುದು ನಮ್ಮ ಕಟ್ಟಳೆ. ಅಂದರೆ ತೋಟ ಹೆಗೆಲೋಖನಿಗೆ. ಸ್ಮಿಕ್ರ ಊರ ಸಭೆಯಲ್ಲಿ ಹಲ್ಲು ಎತ್ತಿ ಹಿಡಿದು ನಿಂತ.

"ಒಡೆಯಾ, ಇದು ಹುಲ್ಲು ಮೇಯೋ ಹಲ್ಲು. ನಿಮ್ ಮುತ್ತಜ್ಜ ಏನು, ಹುಲ್ಲು ಮೇಯ್ತಿದ್ರಾ?"

ಜನ ನಕ್ಕರು. ಹೆಗೆಲೋಖ ನಗಲಿಲ್ಲ. ಆ ಹಲ್ಲು ಅದೇ ಬಾವಿಯದೆಂದು ಹೇಳುವವರು ಯಾರಿದ್ದಾರೆಂದು ಕೇಳಿದ. ಸ್ಮಿಕ್ರ ನನ್ನ ಕಡೆ ತಿರುಗಿದ.

"ಹೇಳೋ ಡೆಕ್ಸಿಯಾ. ನಿನ್ ಕೈಗೇ ಕೊಟ್ನಲ್ಲ."

ಹಿಂದಿನ ದಿನ ಹೆಗೆಲೋಖನ ಆಳು ಬಂದು, ಹೊಸ ಗುಡಿಯ ಬಟ್ಟಲು, ಹರಕೆಯ ಬೊಂಬೆ ಎಲ್ಲವೂ ನನ್ನ ಮಡಕೆ ಸುಡುವ ಗೂಡಿನಿಂದಲೇ ಎಂದು ಹೇಳಿ ಹೋಗಿದ್ದ. ಸಭೆಗೆ ನಾನು, ಮಣ್ಣಿನಲ್ಲಿ ಏನೇನೋ ಬಂತು, ಸರಿಯಾಗಿ ನೋಡಲಿಲ್ಲ ಎಂದೆ. ಸ್ಮಿಕ್ರ ನನ್ನನ್ನು ಬೈಯಲಿಲ್ಲ. ಅಂಜೂರದ ಗಿಡಕ್ಕೆ ಬೈದಷ್ಟೂ ಬೈಯಲಿಲ್ಲ.

ಗುಡಿ ಎದ್ದಿತು. ಅಲ್ಲಿಯ ಹಣ್ಣು ಯಾರೂ ಮುಟ್ಟುವಂತಿಲ್ಲ. ಅಂಜೂರ ಗಿಡದಲ್ಲೇ ಕೊಳೆತು ಬೀಳುತ್ತದೆ, ಕಣಜ ಮುತ್ತುತ್ತವೆ. ಅದನ್ನು ಗುಡಿಸಲು ಹೆಗೆಲೋಖ ದೊಡ್ಡ ಮನಸ್ಸು ಮಾಡಿ ನೇಮಿಸಿದ್ದು ಸ್ಮಿಕ್ರನನ್ನೇ. ವೀರನಿಗೆ ಕರಿ ಟಗರಿನ ರಕ್ತವನ್ನು ಗುಂಡಿಗೆ ಸುರಿಯಬೇಕು. ಹೊಸ ಗುಂಡಿ ಯಾಕೆ, ಸ್ಮಿಕ್ರನ ಬಾವಿ ಇತ್ತಲ್ಲ. ನೀರು ಬರಬೇಕಾದ ಜಾಗದಿಂದ ಈಗ ನೊಣ ಏಳುತ್ತವೆ.

ಮೊದಲ ಹಬ್ಬದ ದಿನ ಬೊಂಬೆ ಮಾಡಿದವನೆಂದು ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಿ ಮಾಂಸ ಬಡಿಸಿದರು. ಸ್ಮಿಕ್ರ ಪೊರಕೆ ಹಿಡಿದು ಬಂದು, ಆ ಹಲ್ಲನ್ನು ನನ್ನ ಬಟ್ಟಲಿಗೆ ಹಾಕಿದ.

"ಮಾತಾಡೋಕೆ ಬಾಯಿ ಬರ್ಲಿಲ್ಲ ನಿಂಗೆ. ಇಟ್ಕೋ, ಮೇಯೋಕಾದ್ರೂ ಆಗುತ್ತೆ."

ಆಗ ನನ್ನ ಬಾಯಲ್ಲಿ ಟಗರಿನ ಮಾಂಸವಿತ್ತು. ಉಗಿಯಬೇಕೆನಿಸಿತು. ಹೆಗೆಲೋಖ ನೋಡುತ್ತಿದ್ದ. ನುಂಗಿದೆ.