ಮಾವನ ಜಪಾನ್ ಗಿಡ

ಮಾವನ ಬಲ ಕಿವಿಯ ಮೇಲೆ ಯಾವಾಗಲೂ ನಾಲ್ಕೆಳೆ ಬಾಳೆನಾರು ಸಿಕ್ಕಿಸಿರುತ್ತಿತ್ತು. ಬೇರೆ ಗಂಡಸರು ಬೀಡಿ ಇಡುವ ಜಾಗ ಅದು. ಮದುವೆಯಾಗಿ ಗಾಳಿಬೀಡಿನ ಆ ಮನೆಗೆ ಬಂದ ಹೊಸದರಲ್ಲಿ ನನಗೆ ಅದನ್ನು ಕಂಡರೆ ನಗು ತಡೆಯುತ್ತಿರಲಿಲ್ಲ. "ಎಂತಕ್ಕೆ ನಗ್ತಿಯ ಗೂಡೆ, ಇದು ನನ್ನ ಉದ್ಯೋಗ" ಎನ್ನುತ್ತಿದ್ದರು. ನಮ್ಮ ಕಡೆ ಹುಡುಗಿಗೆ ಗೂಡೆ ಎನ್ನುತ್ತಾರೆ.

ಉದ್ಯೋಗವೆಂದರೆ ಎಸ್ಟೇಟ್ ಬಂಗಲೆಯ ಹೂದೋಟ. ದೊರೆಸಾನಿ ಮದುವೆಗೆ ಮೊದಲು ಜಪಾನಿನಲ್ಲಿದ್ದು, ಅಲ್ಲಿಯವರು ಹೂ ಜೋಡಿಸುವ ವಿದ್ಯೆ ಕಲಿತು ಬಂದವರು. ನಮ್ಮ ಹಾಗೆ ಬುಟ್ಟಿ ತುಂಬ ಹೂ ಅವರಿಗೆ ಬೇಡ. ತಗ್ಗಾದ ತಟ್ಟೆಯಲ್ಲಿ ಮೂರೇ ಕೊಂಬೆ: ಒಂದು ಎತ್ತರ, ಒಂದು ಓರೆ, ಒಂದು ನೆಲಕ್ಕೆ ಬಾಗಿದ್ದು. ಅದಕ್ಕೆಂದೇ ಅಲ್ಲಿಂದ ತರಿಸಿದ ಮೂರು ಕ್ಯಾಮೆಲಿಯಾ ಗಿಡಗಳಿದ್ದವು. ಚಹಾ ಎಲೆಯಂಥ ದಪ್ಪ ಎಲೆ, ಕೆಂಪು ಹೂ. ಎಳೆ ಕೊಂಬೆಗೆ ಬಾಳೆನಾರಿನಲ್ಲಿ ಕಲ್ಲು ಕಟ್ಟಿ ಬಾಗಿಸುವುದು, ಹತ್ತು ಮೊಗ್ಗಿದ್ದರೆ ಎಂಟು ಚಿವುಟುವುದು ಮಾವನ ಕೆಲಸ. ಚಿವುಟುವಾಗೆಲ್ಲ "ತಪ್ಪಾತ್, ತಪ್ಪಾತ್" ಎಂದು ಗಿಡಕ್ಕೇ ಹೇಳುತ್ತಿದ್ದರು.

ಜಪಾನಿನವರು ಯುದ್ಧಕ್ಕಿಳಿದಾಗ ಆ ಗಿಡಗಳನ್ನು ಕಿತ್ತು ಸುಡಬೇಕೆಂದು ದೊರೆ ಅಪ್ಪಣೆ ಮಾಡಿದರು. ದೊರೆಸಾನಿ ಮಾವನನ್ನು ಹಿಂಬಾಗಿಲಿಗೆ ಕರೆದು ಅತ್ತರಂತೆ. ಮಾವ ಮೂರನ್ನೂ ಬೇರು ಸಮೇತ ಗೊಬ್ಬರದ ಬುಟ್ಟಿಯಲ್ಲಿ ತಂದು ನಮ್ಮ ಹಿತ್ತಿಲಲ್ಲಿ ನೆಟ್ಟರು. ವಾರಕ್ಕೊಂದು ಕೊಂಬೆ ಸೊಪ್ಪಿನ ಅಡಿಯಲ್ಲಿ ಅಡಗಿ ಬಂಗಲೆಗೆ ಹೋಗುತ್ತಿತ್ತು.

ನಾನು ಮೊದಲೇ ಪುಕ್ಕಲಿ. ಶತ್ರುಗಳ ಗಿಡ ಸಾಕಿದವರನ್ನು ಪೊಲೀಸರು ಹಿಡಿಯುತ್ತಾರೋ ಏನೋ, ಕೇಳುವುದಾದರೂ ಯಾರನ್ನು? ದಾರಿಯಲ್ಲಿ ಖಾಕಿ ಕಂಡರೆ ಎದೆಯಲ್ಲಿ ಅವಲಕ್ಕಿ ಕುಟ್ಟುತ್ತಿತ್ತು. ಹಾಳಾದ್ದು, ಅಂಚೆಯವನದೂ ಖಾಕಿಯೇ. ಅಷ್ಟರಲ್ಲಿ ಅದಕ್ಕಿಂತ ದೊಡ್ಡ ಹೆದರಿಕೆ ಬಂತು. ಪಲ್ಟಣ ಸೇರಿ ಸಿಂಗಾಪುರಕ್ಕೆ ಹೋಗಿದ್ದ ನನ್ನ ಗಂಡ, ಮಾವನ ಒಬ್ಬನೇ ಮಗ, ಜಪಾನಿನವರ ಕೈಸೆರೆಯಾದರು. ಕಾಗದವಿಲ್ಲ, ಸುದ್ದಿಯಿಲ್ಲ. ಹೀಗಿರುವಾಗ ಈ ಮುದುಕರು ಬೆಳಗೆದ್ದು ಅದೇ ಜಪಾನ್ ಗಿಡದ ಎಲೆ ಒರೆಸುತ್ತ ನಿಂತಿರುವುದನ್ನು ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಎರಡನೆಯ ವರ್ಷ ಶಿವರಾತ್ರಿ ಕಳೆದ ಮೇಲೆ ಮಾಡಬಾರದ್ದನ್ನು ಮಾಡಿದೆ. ಮಾವ ಬಂಗಲೆಗೆ ಹೋದ ನಂತರ ಹಂಡೆಯಿಂದ ಒಂದು ಚೆಂಬು ಕುದಿನೀರು ತಂದು ದೊಡ್ಡ ಗಿಡದ ಬುಡಕ್ಕೆ ಹೊಯ್ದೆ. ಮರುದಿನವೂ ಹೊಯ್ದೆ. ಹಾಗೆ ಒಂದು ವಾರ.

ಎಲೆ ಉದುರತೊಡಗಿದಾಗ ಮಾವ ಊಟ ಬಿಟ್ಟರು. ಬೇರಿಗೆ ಹುಳ ಬಿದ್ದಿದೆಯೋ ಎಂದು ಬೆರಳಲ್ಲಿ ಮಣ್ಣು ಕೆದಕಿ ಕೆದಕಿ ನೋಡಿದರು. "ಒಂದು ಗಿಡಕ್ಕೆ ಇಷ್ಟೆಲ್ಲ ಯಾಕೆ ಮಾವ?" ಎಂದೆ, ದನಿ ಗಟ್ಟಿ ಮಾಡಿಕೊಂಡು.

"ಅವರ ಊರಿನ ಗಿಡ ನಮ್ಮ ಕೈಲುಂಟು. ನಮ್ಮ ಹೈದ ಅವರ ಕೈಲಿ. ನಾವು ಇದನ್ನ ಚೆಂದಕೆ ನೋಡ್ಕೊಂಡ್ರೆ, ಅವನನ್ನೂ ಅಲ್ಲಿ ಯಾರಾದ್ರೂ ನೋಡ್ಕೊತಾರೆ."

ಅಂದಿನಿಂದ ಆ ಬುಡಕ್ಕೆ ಬಾವಿಯ ತಣ್ಣೀರು ಹೊತ್ತದ್ದೇ ಹೊತ್ತದ್ದು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಗಿಡ ಸತ್ತಿತು. ಮಾವನ ಮುಖ ನೋಡಿ ಹೇಳಿಬಿಡಬೇಕೆಂದು ದಿನಕ್ಕೆ ಹತ್ತು ಸಲ ಅನ್ನಿಸುತ್ತಿತ್ತು, ಬಾಯಿ ಬರುತ್ತಿರಲಿಲ್ಲ. ಅಂಚೆಯವನು ನಮ್ಮ ಮನೆ ದಾಟಿ ಹೋದರೆ ಆ ದಿನದ ಮಟ್ಟಿಗೆ ಉಸಿರು ಬಿಡುತ್ತಿದ್ದೆ.

ಯುದ್ಧ ಮುಗಿದ ಮೇಲೆ ಸರ್ಕಾರದ ಇಂಗ್ಲಿಷ್ ಕಾಗದ ಬಂತು. ಮಾವ ಅದನ್ನು ಎಸ್ಟೇಟಿನ ಲೆಕ್ಕ ಬರೆಯುವ ರೈಟರ ಹತ್ತಿರ ಓದಿಸಿಕೊಂಡು ಬಂದು ಜಗಲಿಯಲ್ಲಿ ಕುಳಿತರು.

"ಅವ ಇನ್ನಿಲ್ಲೆ ಗೂಡೆ. ಸೆರೇಲೇ ಜ್ವರ ಬಂದು ತೀರಿಹೋದ."

ನಾನು ಅವರ ಕಾಲ ಬಳಿ ಕುಸಿದು ಕುದಿನೀರಿನ ಸಂಗತಿ ಎಲ್ಲ ಹೇಳಿಬಿಟ್ಟೆ. ಅವರನ್ನು ನಾನೇ ಕೊಂದೆ ಮಾವ, ಎಂದೆ. ಅವರು ಕಾಗದವನ್ನು ನಾಲ್ಕಾಗಿ ಮಡಚಿ ಅಂಗಿಯ ಜೇಬಿಗೆ ಇಟ್ಟರು.

"ಯಾವಾಗ ಹೊಯ್ದದ್ದು?"

"ಆ ವರ್ಷ ಶಿವರಾತ್ರಿ ಕಳೆದ ಮೇಲೆ."

"ಅವ ಹೋದ್ದು ಅದಕ್ಕೂ ಮೊದಲಿನ ಹುತ್ತರಿಲಿ. ನಿನ್ನ ನೀರಿಗೂ ಅದಕ್ಕೂ ಸಂಬಂಧ ಇಲ್ಲೆ. ಏಳ್, ಮುಖ ತೊಳಿ."

ಮರುದಿನ ಬೆಳಿಗ್ಗೆ ನೋಡಿದರೆ ಉಳಿದೆರಡು ಗಿಡಗಳಿಗೆ ನೀರು ಹಾಕುತ್ತಿದ್ದರು.

ನಮ್ಮಲ್ಲಿ ವಿಧವೆ ಮತ್ತೆ ಮದುವೆಯಾಗುವುದುಂಟು. ವರ್ಷ ತುಂಬಿದ ಮೇಲೆ ಮಾವನೇ ಮುಂದೆ ನಿಂತು ನನಗೆ ಗಂಡು ನೋಡಿದರು. ಬಂದವರು ನಮ್ಮ ಮನೆಯಲ್ಲೇ ನೆಲೆಸಿದರು. ಮಕ್ಕಳಾದರು, ಅವರನ್ನು ಮಾವ ಹೆಗಲ ಮೇಲೆ ಹೊತ್ತು ತಿರುಗಿದರು. ಶಿವರಾತ್ರಿಗೆ ಮೊದಲೇ ಬರುವ ಸುಗ್ಗಿ ಹಬ್ಬ ಹುತ್ತರಿಯಲ್ಲಿ ಎಂದು ಅವರು ಹೇಳಿದ ಆ ಒಂದು ಮಾತನ್ನು ಹಿಡಿದುಕೊಂಡೇ ನಾನು ಬದುಕಿದ್ದು.

ಮಾವ ಒಂದು ಮಳೆಗಾಲದಲ್ಲಿ ತೀರಿಕೊಂಡರು. ತಿಥಿ ಎಲ್ಲ ಮುಗಿದು ಅವರ ಪೆಟ್ಟಿಗೆ ತೆಗೆದಾಗ ಬಟ್ಟೆಗಳ ನಡುವೆ ಆ ಕಾಗದ ಸಿಕ್ಕಿತು. ಹೈಸ್ಕೂಲಿಗೆ ಹೋಗುತ್ತಿದ್ದ ಮಗಳ ಕೈಗೆ ಕೊಟ್ಟು ಓದಿ ಹೇಳೆಂದೆ. ಹೆಸರು ಓದಿದಳು, ಪಲ್ಟಣದ ನಂಬರು ಓದಿದಳು. ತೀರಿಕೊಂಡದ್ದು ಏಪ್ರಿಲ್ ಎಂದಳು. ವರ್ಷ ಕೇಳಿದೆ. ಅದೇ ವರ್ಷ. ನಾನು ಕುದಿನೀರು ಹೊಯ್ದು ಆಗ ಒಂದು ತಿಂಗಳು.

ಅಂದು ಜಗಲಿಯಲ್ಲಿ ಕುಳಿತಾಗ ಮಾವನಿಗೆ ಇದು ಗೊತ್ತಿತ್ತು. ಅವರ ನಂಬಿಕೆಯನ್ನೇ ಹಿಡಿದು ನೋಡಿದರೆ, ಅವರ ಒಬ್ಬನೇ ಮಗನನ್ನು ಕೊಂದವಳು ಕಾಲ ಬಳಿ ಅಳುತ್ತಿದ್ದಳು. ಅಂಥವಳನ್ನು ಉಳಿಸಲು ಮಗನ ಸಾವನ್ನೇ ಹಿಂದಕ್ಕೆ ಸರಿಸಿದರು. ಈ ಋಣ ಯಾವ ಜನ್ಮದಲ್ಲಿ ತೀರಿಸಲಿ?

"ಎಂತಾತ್ ಅವ್ವಾ?" ಎಂದಳು ಮಗಳು.

ಏನಿಲ್ಲ, ಇನ್ನೊಂದು ಸಲ ಓದು, ಎಂದೆ. ಅವಳು ಮತ್ತೆ ಏಪ್ರಿಲ್ ಎಂದೇ ಓದಿದಳು.